ಲಾಂಡ್ರಿ ನೀರಿನಲ್ಲಿ ಬರೀ ಅಮೋನಿಯಾ ಅಲ್ಲ, ಒಟ್ಟು ಸಾರಜನಕ ಅಳೆಯಿರಿ

ಬಳಸಿದ ನೀರನ್ನು ಹೊರಗೆ ಬಿಡಲು ಅನುಮತಿ ಕೊಡುವ ಅಧಿಕಾರಿಗಳಿಗೆ,
ಜೊತೆಗೆ ದೊಡ್ಡ ಲಾಂಡ್ರಿಗಳನ್ನು ನಡೆಸುವವರಿಗೆ, ಅವರಿಗೆ ಬಟ್ಟೆ ಕಳಿಸುವ ಆಸ್ಪತ್ರೆ, ಹೋಟೆಲ್, ವೃದ್ಧಾಶ್ರಮಗಳಿಗೆ,

ನಮಸ್ಕಾರ.

ನಾನು ಬಳಸಿದ ನೀರನ್ನು ಶುದ್ಧ ಮಾಡುವ ಘಟಕಗಳಲ್ಲಿ ಕೆಲಸ ಮಾಡುತ್ತೇನೆ. ಅದರಲ್ಲೂ ಲಾಂಡ್ರಿ ನೀರಿನ ಜೊತೆ ನನ್ನ ಒಡನಾಟ ಜಾಸ್ತಿ. ಈ ಪತ್ರದಲ್ಲಿ ನಾನು ಕೇಳುವುದು ಮುಖ್ಯವಾಗಿ ಒಂದೇ. ದೊಡ್ಡ ಲಾಂಡ್ರಿಗಳ ಅನುಮತಿ ಪತ್ರದಲ್ಲಿ ಒಟ್ಟು ಸಾರಜನಕಕ್ಕೆ, ಅಂದರೆ ನೀರಿನಲ್ಲಿ ಯಾವ ರೂಪದಲ್ಲಿದ್ದರೂ ಸೇರಿಸಿ ಎಣಿಸಿದ ಸಾರಜನಕಕ್ಕೆ, ಮಿತಿ ಹಾಕಿ. ಅಮೋನಿಯಾಗೆ ಮಾತ್ರ ಹಾಕಿದರೆ ಸಾಲದು.

ನಾನು ನೋಡಿದ ಅನುಮತಿ ಪತ್ರಗಳಲ್ಲಿ ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅಂತ ತೋರಿಸುವ ಅಳತೆ, ಇರುತ್ತದೆ. ನೀರಿನ ಕೊಳೆ ಒಡೆಯಲು ಎಷ್ಟು ಆಮ್ಲಜನಕ ಬೇಕು ಅಂತ ಹೇಳುವ ಸಿಒಡಿ, ಬಿಒಡಿ ಇರುತ್ತವೆ. ನೀರಲ್ಲಿ ತೇಲುವ ಕಣ, ಎಣ್ಣೆ-ಜಿಡ್ಡು, ಡಿಟರ್ಜೆಂಟ್ ಎಲ್ಲಕ್ಕೂ ಒಂದೊಂದು ಸಾಲು. ಸಾರಜನಕದ ಸಾಲು ಹಲವು ಕಡೆ ಇರುವುದೇ ಇಲ್ಲ. ಇದ್ದ ಕಡೆ ಅಮೋನಿಯಾ ಅಂತ ಮಾತ್ರ ಬರೆದಿರುತ್ತದೆ. ಲಾಂಡ್ರಿ ಅಂದರೆ ಸೋಪು, ನೊರೆ, ಕೊಳೆ ಅಷ್ಟೇ ಅನ್ನುವ ಎಣಿಕೆ ಇದರ ಹಿಂದೆ ಇದೆ ಅನ್ನಿಸುತ್ತದೆ.

ಮನೆಯ ಮಾಮೂಲಿ ಬಟ್ಟೆ ಒಗೆದ ನೀರಿಗೆ ಆ ಎಣಿಕೆ ಬಹುಮಟ್ಟಿಗೆ ಸರಿ. ಮನೆಯ ಕೊಳಚೆ ನೀರಿನಲ್ಲಿರುವ ಸಾರಜನಕದಲ್ಲಿ ಸುಮಾರು ಶೇ. 80ರಷ್ಟು ಬರುವುದು ಮೂತ್ರದಿಂದ. ಒಗೆದ ನೀರಿನ ಪಾಲು ಸಣ್ಣದು. ಎಷ್ಟೋ ಸಲ ಅದರಲ್ಲಿರುವ ಸಾರಜನಕ ಬ್ಯಾಕ್ಟೀರಿಯಾ ಬೆಳೆಯಲಿಕ್ಕೇ ಸಾಲದೆ, ಹೊರಗಿನಿಂದ ಸೇರಿಸಬೇಕಾಗುತ್ತದೆ. ಹಾಗಾಗಿ ಪ್ರತಿ ಸಣ್ಣ ಅಂಗಡಿಯ ಮೇಲೂ ಹೊಸ ನಿಯಮ ಹೇರಿ ಅಂತ ನಾನು ಕೇಳುತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಆದರೆ ಆಸ್ಪತ್ರೆಯ ಹಾಸಿಗೆ ಬಟ್ಟೆ, ಹಿರಿಯರ ಮತ್ತು ಮಕ್ಕಳ ಒದ್ದೆ ಬಟ್ಟೆ, ಶಸ್ತ್ರಚಿಕಿತ್ಸೆ ಕೋಣೆಯ ಬಟ್ಟೆ, ಅಡುಗೆಮನೆಯ ಒರೆಸುವ ಬಟ್ಟೆ ಬರುವ ಕಡೆ ಲೆಕ್ಕವೇ ಬೇರೆ. ಮೂತ್ರದಲ್ಲಿ ಯೂರಿಯಾ, ರಕ್ತದಲ್ಲಿ ಮತ್ತು ಆಹಾರದಲ್ಲಿ ಪ್ರೋಟೀನು, ಬೆವರಿನಲ್ಲೂ ಯೂರಿಯಾ. ಇವು ಬಟ್ಟೆಯ ಜೊತೆ ಬರುವಂಥವು. ನಾವೇ ಹಾಕುವುದೂ ಇದೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಸಾಫ್ಟನರ್‌ನಲ್ಲಿ ಕ್ವಾಟ್ ಅಂತ ಕರೆಯುವ ಕ್ವಾಟರ್ನರಿ ಅಮೋನಿಯಂ ಪದಾರ್ಥಗಳು ಇರುತ್ತವೆ. ನೀರಿನ ಗಡಸುತನ ಹಿಡಿದಿಡುವ ಇಡಿಟಿಎ, ಬ್ಲೀಚಿಗೆ ಚುರುಕು ಕೊಡುವ ಟಿಎಇಡಿ, ಕಲೆ ತೆಗೆಯುವ ಎಂಜೈಮು, ಬಿಳಿ ಬಟ್ಟೆಗೆ ಹೊಳಪು ಕೊಡುವ ಹಲವು ಪದಾರ್ಥ, ಇವೆಲ್ಲದರಲ್ಲೂ ಸಾರಜನಕ ಇದೆ. ಡಬ್ಬಿಯ ಮೇಲೆ ಫಾಸ್ಫೇಟ್ ಇಲ್ಲ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಸಾರಜನಕದ ಬಗ್ಗೆ ಯಾರೂ ಏನೂ ಬರೆಯುವುದಿಲ್ಲ.

ಈಗ ಅಮೋನಿಯಾ ಮಾತಿಗೆ ಬರೋಣ. ಅದರ ಮೇಲೆ ಮಿತಿ ಇರಲೇಬೇಕು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ಅಯಾನು ಮೀನಿಗೆ ಅಷ್ಟೇನೂ ಅಪಾಯ ಮಾಡುವುದಿಲ್ಲ. ಕರಗಿದ ಅಮೋನಿಯಾ ಅನಿಲ ಮಾತ್ರ ನೇರ ವಿಷ. ಯಾವುದು ಎಷ್ಟು ಅನ್ನುವುದನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಅನಿಲ ರೂಪ ಶೇ. 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಸುಮಾರು ಶೇ. 5. ಪಿಎಚ್ 9ಕ್ಕೆ ಮೂರನೇ ಒಂದು ಭಾಗ ದಾಟುತ್ತದೆ. ಲಾಂಡ್ರಿ ನೀರಿನ ಪಿಎಚ್ ಸಾಮಾನ್ಯವಾಗಿ 9ರಿಂದ 11ರ ನಡುವೆ. ಅಂದರೆ ಬೇರೆ ಕೊಳಚೆ ನೀರಿನಲ್ಲಿ ಸಹಿಸಬಹುದಾದ ಅಮೋನಿಯಾ ಇಲ್ಲಿ ಮೀನುಗಳ ಕಿವಿರು ಸುಡುತ್ತದೆ. ಅದು ಹೊಳೆಗೆ ಹೋದ ಮೇಲೆ ಅಲ್ಲಿನ ಆಮ್ಲಜನಕವನ್ನೂ ತಿನ್ನುತ್ತದೆ. 1 ಗ್ರಾಂ ಅಮೋನಿಯಾ ಸಾರಜನಕ (ಅಮೋನಿಯಾದೊಳಗಿನ ಸಾರಜನಕ) ಆಮ್ಲಜನಕದ ಜೊತೆ ಸೇರಿ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು.

ಹಾಗಿದ್ದರೆ ಗಾಳಿ ಊದಿ ಅಮೋನಿಯಾ ಇಳಿಸಿದರೆ ಆಯಿತಲ್ಲ ಅನ್ನಬಹುದು. ತೊಡಕು ಇರುವುದು ಇಲ್ಲಿಯೇ. ಗಾಳಿ ಕೊಟ್ಟಾಗ ಸಾರಜನಕ ಬಹುಪಾಲು ನೀರಿನಲ್ಲೇ ಉಳಿಯುತ್ತದೆ, ಹೆಸರು ಬದಲಾಯಿಸುತ್ತದೆ ಅಷ್ಟೇ. ಅಮೋನಿಯಾ ಇದ್ದದ್ದು ನೈಟ್ರೇಟ್ ಆಗುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಅಮೋನಿಯಾ ಸೊನ್ನೆಗೆ ಹತ್ತಿರ, ಎಲ್ಲರಿಗೂ ಸಮಾಧಾನ. ಆದರೆ ಹೆಚ್ಚುಕಡಿಮೆ ಅಷ್ಟೇ ಸಾರಜನಕ ನೈಟ್ರೇಟ್ ರೂಪದಲ್ಲಿ ಕೆರೆಗೋ ಅಂತರ್ಜಲಕ್ಕೋ ಹೋಗುತ್ತಿರುತ್ತದೆ. ಕೆರೆಯಲ್ಲಿ ಪಾಚಿ ಬೆಳೆಸಲು ಅದು ಸಾಕು. ಬಾವಿ ನೀರಿಗೆ ಸೇರಿದರೆ ಹಾಲು ಕುಡಿಯುವ ಕೂಸುಗಳಿಗೆ ಕಂಟಕ. ಕೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಯಾಗುವ ತೊಂದರೆಗೂ ಬಾವಿ ನೀರಿನ ನೈಟ್ರೇಟಿಗೂ ಇರುವ ನಂಟನ್ನು ವೈದ್ಯರು 1945ರಲ್ಲೇ ದಾಖಲಿಸಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಟಿಕೆಎನ್, ಅಂದರೆ ಕೆಲ್ಡಾಲ್ ವಿಧಾನದಲ್ಲಿ ಸಾರಜನಕ ಅಳೆಯುವ ಪರೀಕ್ಷೆ, ಮಾಡಿಸುತ್ತೇವಲ್ಲ ಅಂತ ಕೆಲವರು ಹೇಳುತ್ತಾರೆ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಕೆಲ್ಡಾಲ್ 1883ರಲ್ಲಿ ಕೊಟ್ಟ ಆ ವಿಧಾನ ಇಂದಿಗೂ ಒಳ್ಳೆಯದೇ. ಅದು ಅಮೋನಿಯಾವನ್ನೂ, ಯೂರಿಯಾ-ಪ್ರೋಟೀನಿನಂಥ ಪದಾರ್ಥಗಳಲ್ಲಿರುವ ಸಾರಜನಕವನ್ನೂ ಹಿಡಿಯುತ್ತದೆ. ನೈಟ್ರೇಟ್, ನೈಟ್ರೈಟ್ ಅದಕ್ಕೆ ಸಿಗುವುದಿಲ್ಲ. ಅವೆರಡನ್ನೂ ಕೂಡಿಸಿದರೆ ಮಾತ್ರ ಒಟ್ಟು ಸಾರಜನಕ. ಯುರೋಪಿನ ಒಕ್ಕೂಟ 1991ರ ಕೊಳಚೆ ನೀರಿನ ನಿರ್ದೇಶನದಲ್ಲಿ ಇದನ್ನು ಹೀಗೆಯೇ ಬಿಡಿಸಿ ಬರೆಯಿತು. ಪಾಚಿ ಕಟ್ಟುವ ಅಪಾಯ ಇರುವ ಕಡೆ ದೊಡ್ಡ ಊರುಗಳ ಘಟಕಗಳಿಗೆ ಲೀಟರಿಗೆ 10 ಮಿಲಿಗ್ರಾಂ, ಮಧ್ಯಮ ಊರುಗಳಿಗೆ 15 ಮಿಲಿಗ್ರಾಂ ಒಟ್ಟು ಸಾರಜನಕ ಅಂತ ಮಿತಿ ಹಾಕಿತು. ನಾನು ಕೇಳುತ್ತಿರುವುದು ಹೊಸ ಕಲ್ಪನೆಯೇನೂ ಅಲ್ಲ.

ಒಟ್ಟು ಸಾರಜನಕ ಇಳಿಸಬೇಕಾದರೆ ಅದನ್ನು ನೀರಿನಿಂದ ಗಾಳಿಗೆ ಕಳಿಸಬೇಕು. ನಾವು ಉಸಿರಾಡುವ ಗಾಳಿಯ ಶೇ. 78 ಭಾಗ ಸಾರಜನಕವೇ, ಅದರಿಂದ ಯಾರಿಗೂ ತೊಂದರೆಯಿಲ್ಲ. ಈ ಕೆಲಸವನ್ನು ಬ್ಯಾಕ್ಟೀರಿಯಾಗಳು ಎರಡು ಹಂತದಲ್ಲಿ ಮಾಡುತ್ತವೆ. ಮೊದಲ ಹಂತದಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಇದಕ್ಕೆ ಆಮ್ಲಜನಕ ಬೇಕು. ಎರಡನೇ ಹಂತದ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದ ಕಡೆ ನೈಟ್ರೇಟನ್ನೇ ಉಸಿರಾಡುತ್ತವೆ. ಉಸಿರಾಡಿ ಸಾರಜನಕ ಅನಿಲ ಬಿಡುತ್ತವೆ. ಅವಕ್ಕೆ ತಿನ್ನಲು ಇಂಗಾಲದ ಆಹಾರ ಬೇಕು.

ಮೊದಲ ಹಂತ ಜೀವಿಗಳ ಕೆಲಸ ಅಂತ ತೋರಿಸಿಕೊಟ್ಟವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್, 1877ರಲ್ಲಿ. ಮರಳು ತುಂಬಿದ ಕೊಳವೆಯಲ್ಲಿ ಕೊಳಚೆ ನೀರು ಇಳಿಬಿಟ್ಟರು. ಸ್ವಲ್ಪ ಕಾಲದ ಮೇಲೆ ಅಮೋನಿಯಾ ಹೋಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಸೋಕಿಸಿದಾಗ ಕೆಲಸ ನಿಂತಿತು. ವಿಷ ತಾಗಿದರೆ ನಿಲ್ಲುವುದು ಜೀವ ಇರುವ ವಸ್ತು ಮಾತ್ರ ಅಲ್ವಾ? ಈ ಮಾತು ಲಾಂಡ್ರಿ ನಡೆಸುವವರಿಗೆ ಬಹಳ ಮುಖ್ಯ. ಯಾಕೆಂದರೆ ಲಾಂಡ್ರಿಯ ಯಂತ್ರಗಳಿಂದಲೂ ಬ್ಯಾಕ್ಟೀರಿಯಾ ಕೊಲ್ಲುವ ವಿಷ ಹೊರಬರುತ್ತಿರುತ್ತದೆ.

ಅಮೋನಿಯಾ ತಿನ್ನುವ ಈ ಬ್ಯಾಕ್ಟೀರಿಯಾಗಳು ನಿಧಾನಸ್ಥ ಜೀವಿಗಳು. ಕೊಳೆ ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾ ಕೆಲವು ಗಂಟೆಗಳಲ್ಲಿ ದುಪ್ಪಟ್ಟಾದರೆ ಇವು ಒಂದು ದಿನವೋ ಹೆಚ್ಚೋ ತೆಗೆದುಕೊಳ್ಳುತ್ತವೆ. ಒಂದು ಸಲ ಸತ್ತರೆ ಮತ್ತೆ ಸಂಸಾರ ಕಟ್ಟಿಕೊಳ್ಳಲು ವಾರಗಟ್ಟಲೆ ಬೇಕು. ಆದ್ದರಿಂದ ಈ ಬ್ಯಾಕ್ಟೀರಿಯಾಗಳು ವಾಸಿಸುವ ಕೆಸರನ್ನು ಅವಸರದಲ್ಲಿ ಹೊರಹಾಕಬಾರದು. ಬೆಚ್ಚಗಿನ ನೀರಿನಲ್ಲೂ ಕನಿಷ್ಠ ಒಂದು ವಾರದಷ್ಟು ವಯಸ್ಸಿನ ಕೆಸರು ಟ್ಯಾಂಕಿನಲ್ಲಿ ಉಳಿದಿರಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ. ಜಾಗ ಕಡಿಮೆ ಇದ್ದರೆ ಪ್ಲಾಸ್ಟಿಕ್ ಬಿಲ್ಲೆಗಳನ್ನು ನೀರಿನಲ್ಲಿ ತೇಲಿಬಿಟ್ಟು ಅದರ ಮೇಲೆ ಪದರವಾಗಿ ಬೆಳೆಸಬಹುದು. 1980ರ ದಶಕದ ಕೊನೆಯಲ್ಲಿ ನಾರ್ವೆಯಲ್ಲಿ ರೂಪುಗೊಂಡ ವಿಧಾನ ಅದು, ಲಾಂಡ್ರಿಗೆ ಚೆನ್ನಾಗಿ ಹೊಂದುತ್ತದೆ. ನೀರು ಎಷ್ಟೇ ರಭಸವಾಗಿ ಬಂದರೂ ಬಿಲ್ಲೆಗೆ ಅಂಟಿಕೊಂಡವು ಸುಲಭವಾಗಿ ಕೊಚ್ಚಿಹೋಗುವುದಿಲ್ಲ. ಒಂದೇ ಮಾತು, ಬಟ್ಟೆಯ ಜುಂಗು ಮೊದಲೇ ಸೋಸಿರಬೇಕು. ಇಲ್ಲದಿದ್ದರೆ ಅದು ಬಿಲ್ಲೆಗಳನ್ನು ತಡೆದಿಡುವ ಜಾಲರಿಗೆ ಸುತ್ತಿಕೊಂಡು ಎಲ್ಲವನ್ನೂ ಕಟ್ಟಿಹಾಕುತ್ತದೆ.

ಇವುಗಳನ್ನು ಕೊಲ್ಲುವುದು ಏನು? ಮೊದಲನೆಯದು ಕ್ಲೋರಿನ್ ಬ್ಲೀಚ್. ಒಂದು ಪಾಳಿಯ ಬಿಳಿ ಬಟ್ಟೆಯ ನೀರು ಒಟ್ಟಿಗೇ ಟ್ಯಾಂಕಿಗೆ ಬಂದರೆ ಸಾಕು. ಎರಡನೆಯದು ಬಿಸಿ. ಆಸ್ಪತ್ರೆ ಬಟ್ಟೆಯನ್ನು 70 ಡಿಗ್ರಿಯ ಸುತ್ತಮುತ್ತ ಒಗೆಯುತ್ತಾರೆ. ಈ ಬ್ಯಾಕ್ಟೀರಿಯಾಗಳಿಗೆ ಹಿತವಾದದ್ದು 30 ಡಿಗ್ರಿಯ ಆಸುಪಾಸು, 40 ದಾಟಿದರೆ ಕೆಲಸ ಬಹುತೇಕ ನಿಲ್ಲುತ್ತದೆ. ಮೂರನೆಯದು ಕ್ವಾಟ್. ಸೋಂಕು ನಿವಾರಕವಾಗಿ ಬಳಸುವ ಕ್ವಾಟ್ ಕೆಸರಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಇವತ್ತು ಹಾಕಿದ್ದರ ಪೆಟ್ಟು ಎಷ್ಟೋ ದಿನ ಇರುತ್ತದೆ. ಸಾಫ್ಟನರ್‌ಗೆ ಬಳಸುವುದರಲ್ಲಿ ಎಸ್ಟರ್‌ಕ್ವಾಟ್ ಅನ್ನುವ ಬಗೆ ಬೇಗ ಒಡೆದುಹೋಗುತ್ತದೆ, ಆಯ್ಕೆ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಈ ಮೂರಕ್ಕೂ ಮದ್ದು ಇದೆ. ಬಿಸಿ ನೀರನ್ನು ಶಾಖ ವಿನಿಮಯ ಯಂತ್ರದ ಮೂಲಕ ಹಾಯಿಸಿದರೆ ಒಳಗೆ ಬರುವ ತಣ್ಣೀರು ಬಿಸಿಯಾಗುತ್ತದೆ, ಹೊರಹೋಗುವ ನೀರು ತಣ್ಣಗಾಗುತ್ತದೆ, ಇಂಧನವೂ ಉಳಿಯುತ್ತದೆ. ಎಲ್ಲ ಯಂತ್ರಗಳ ನೀರು ಮೊದಲು ಒಂದು ದೊಡ್ಡ ಸಮತೋಲನ ಟ್ಯಾಂಕಿಗೆ ಬಂದು ಕಲೆತರೆ ಒಮ್ಮೆಲೇ ಬೀಳುವ ಪೆಟ್ಟು ತಪ್ಪುತ್ತದೆ. ಕನಿಷ್ಠ ಒಂದು ಪೂರ್ತಿ ಪಾಳಿಯ ನೀರು ಹಿಡಿಯುವಷ್ಟು ದೊಡ್ಡದಿರಲಿ. ಉಳಿದ ಕ್ಲೋರಿನ್ನನ್ನು ಥಯೋಸಲ್ಫೇಟ್ ಹಾಕಿ ಮುರಿಯಬಹುದು. ಇನ್ನೂ ಒಳ್ಳೆಯದು ಅಂದರೆ ಕ್ಲೋರಿನ್ ಬದಲು ಪೆರಾಸೆಟಿಕ್ ಆಮ್ಲ ಬಳಸುವುದು. ಅದೂ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ನಿಜ. ಆದರೆ ಬೇಗ ಒಡೆದು ಅಸೆಟಿಕ್ ಆಮ್ಲ ಉಳಿಯುತ್ತದೆ. ಅದು ಎರಡನೇ ಹಂತದ ಬ್ಯಾಕ್ಟೀರಿಯಾಗಳಿಗೆ ಮೆಚ್ಚಿನ ಆಹಾರ.

ನಾಲ್ಕನೆಯ ಶತ್ರುವನ್ನು ಬೇರೆಯಾಗಿಯೇ ಹೇಳಬೇಕು. ಯಾಕೆಂದರೆ ಅದು ನಿಮ್ಮ ನಿಯಮದಿಂದಲೇ ಹುಟ್ಟುವಂಥದ್ದು. ಲಾಂಡ್ರಿ ನೀರಿನಲ್ಲಿ ಸೋಡಾ ಇರುತ್ತದೆ, ಪಿಎಚ್ ಜಾಸ್ತಿ. ನೀವು 9ರ ಒಳಗೆ ಇರಲಿ ಅನ್ನುತ್ತೀರಿ. ಅದು ಸರಿಯೇ. ಘಟಕದವರು ಏನು ಮಾಡುತ್ತಾರೆ? ಸಲ್ಫ್ಯೂರಿಕ್ ಆಮ್ಲ ಸುರಿಯುತ್ತಾರೆ. ಪಿಎಚ್ ಇಳಿಯುತ್ತದೆ, ಜೊತೆಗೆ ನೀರಿನ ಕ್ಷಾರತೆ, ಅಂದರೆ ಆಮ್ಲವನ್ನು ಹೀರಿಕೊಳ್ಳುವ ಶಕ್ತಿಯೂ ಹೋಗುತ್ತದೆ. ಈ ಎರಡೂ ಒಂದೇ ಅಲ್ಲ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ಹೀರಿಕೊಳ್ಳಲು 1 ಗ್ರಾಂ ಅಮೋನಿಯಾ ಸಾರಜನಕಕ್ಕೆ 7.14 ಗ್ರಾಂ ಕ್ಷಾರತೆ ಬೇಕು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕ ಇದ್ದರೆ ಸುಮಾರು 286 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಅದು ಮುಗಿದ ಕೂಡಲೇ ಪಿಎಚ್ 6ರ ಕಡೆಗೆ ಜಾರುತ್ತದೆ, ಬ್ಯಾಕ್ಟೀರಿಯಾ ಕೈಚೆಲ್ಲುತ್ತವೆ. ಆಮೇಲೆ ಅದೇ ಟ್ಯಾಂಕಿಗೆ ಸೋಡಾ ಚೀಲ ಸುರಿಯುತ್ತಾರೆ. ಮುಂದಿನ ಬಾಗಿಲಲ್ಲಿ ಆಮ್ಲ, ಹಿಂದಿನ ಬಾಗಿಲಲ್ಲಿ ಸೋಡಾ! ಇದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಆಮ್ಲದ ಬದಲು ಇಂಗಾಲದ ಡೈಆಕ್ಸೈಡ್ ಬಳಸಬಹುದು. ಲಾಂಡ್ರಿಯಲ್ಲಿ ಬಾಯ್ಲರ್ ಇದ್ದೇ ಇರುತ್ತದೆ, ಅದರ ಹೊಗೆಯಲ್ಲಿ ಈ ಅನಿಲ ಧಾರಾಳ. ನೀರಿನ ಮೂಲಕ ಹಾಯಿಸಿದರೆ ಕಾಸ್ಟಿಕ್ಕೂ ಸೋಡಾವೂ ಬೈಕಾರ್ಬೊನೇಟ್ ಆಗುತ್ತವೆ. ಪಿಎಚ್ ಇಳಿಯುತ್ತದೆ, ಕ್ಷಾರತೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅನುಮತಿ ಪತ್ರದಲ್ಲಿ ಪಿಎಚ್ ಜೊತೆಗೆ ಕ್ಷಾರತೆಯನ್ನೂ ಬರೆದಿಡಿ ಅಂತ ಒಂದು ಸಾಲು ಸೇರಿಸಿದರೆ ಘಟಕದವರ ಗಮನ ತಾನಾಗಿ ಈ ಕಡೆ ಹರಿಯುತ್ತದೆ.

ಇನ್ನು ಎರಡನೇ ಹಂತ. ಲಾಂಡ್ರಿ ನೀರಿನಲ್ಲಿ ಇಂಗಾಲಕ್ಕೆ ಬರವಿಲ್ಲ. ಸೋಪು, ಜಿಡ್ಡು, ಗಂಜಿ, ಆಹಾರದ ಕಲೆ ಎಲ್ಲವೂ ಬ್ಯಾಕ್ಟೀರಿಯಾಗೆ ಊಟವೇ. 1 ಗ್ರಾಂ ನೈಟ್ರೇಟ್ ಸಾರಜನಕ ಕಳೆಯಲು 4ರಿಂದ 6 ಗ್ರಾಂ ಸಿಒಡಿ ಇದ್ದರೆ ನಡೆಯುತ್ತದೆ. ಆದರೂ ಹಲವು ಘಟಕಗಳಲ್ಲಿ ಮೊದಲು ಗಾಳಿ ಟ್ಯಾಂಕ್ ಇಟ್ಟು ಅಷ್ಟೂ ಇಂಗಾಲವನ್ನು ಸುಟ್ಟುಬಿಡುತ್ತಾರೆ. ಕೊನೆಗೆ ನೈಟ್ರೇಟ್ ಉಳಿದಾಗ ಇಂಗಾಲದ ಆಹಾರಕ್ಕಾಗಿ ಹೊರಗಿನಿಂದ ಮೆಥನಾಲ್ ತಂದು ಹಾಕುತ್ತಾರೆ. ಟ್ಯಾಂಕಿನ ಕ್ರಮ ತಿರುಗಿಸಿದರೆ ಇದು ತಪ್ಪುತ್ತದೆ. ಗಾಳಿ ಇಲ್ಲದ ಟ್ಯಾಂಕ್ ಮುಂದೆ, ಗಾಳಿ ಟ್ಯಾಂಕ್ ಹಿಂದೆ. ಹಿಂದಿನ ಟ್ಯಾಂಕಿನಲ್ಲಿ ಹುಟ್ಟಿದ ನೈಟ್ರೇಟ್ ನೀರನ್ನು ಪಂಪಿನಿಂದ ಮುಂದಕ್ಕೆ ತಿರುಗಿಸಿ ತರುವುದು. ಅಲ್ಲಿ ಹೊಸ ನೀರಿನ ಇಂಗಾಲ ಕಾದಿರುತ್ತದೆ. 1960-70ರ ದಶಕದಿಂದ ಊರಿನ ಕೊಳಚೆ ಘಟಕಗಳಲ್ಲಿ ನಡೆದುಬಂದ ಕ್ರಮ ಇದು.

ಇದರ ಲೆಕ್ಕ ಸುಲಭ. ಒಳಬರುವ ನೀರಿನ 1 ಪಟ್ಟು ತಿರುಗಿಸಿದರೆ ಹೆಚ್ಚೆಂದರೆ ಅರ್ಧ ನೈಟ್ರೇಟ್ ಹೋಗುತ್ತದೆ, 3 ಪಟ್ಟಿಗೆ ಮುಕ್ಕಾಲು, 4 ಪಟ್ಟಿಗೆ ಶೇ. 80. ಅದಕ್ಕಿಂತ ಮೇಲೆ ಹೋದರೆ ಪಂಪಿನ ವಿದ್ಯುತ್ ಜಾಸ್ತಿ, ಲಾಭ ಕಡಿಮೆ. ಜೊತೆಗೆ ಗಾಳಿ ಟ್ಯಾಂಕಿನ ಆಮ್ಲಜನಕವೂ ಹಿಂದಿರುಗಿ ಬಂದು ಕೆಲಸ ಕೆಡಿಸುತ್ತದೆ. ಇನ್ನೊಂದು ಗಳಿಕೆ ಇದೆ. ನೈಟ್ರೇಟನ್ನು ಉಸಿರಾಡಿ ಬ್ಯಾಕ್ಟೀರಿಯಾ ತಿಂದಷ್ಟು ಕೊಳೆಗೆ ನಾವು ಗಾಳಿ ಊದಬೇಕಾಗಿಲ್ಲ. 1 ಗ್ರಾಂಗೆ 4.57 ಗ್ರಾಂ ಆಮ್ಲಜನಕ ಕೊಟ್ಟಿದ್ದೆವಲ್ಲ, ಅದರಲ್ಲಿ 2.86 ಗ್ರಾಂ ಹೀಗೆ ವಾಪಸ್ ಬರುತ್ತದೆ. ಖರ್ಚಾದ ಕ್ಷಾರತೆಯಲ್ಲೂ ಅರ್ಧ ಮರಳುತ್ತದೆ. ಬ್ಲೋವರಿನ ವಿದ್ಯುತ್ ಬಗ್ಗೆ ಚಿಂತಿಸುವ ಮಾಲೀಕರು ಈ ಎರಡು ಅಂಕಿಗಳನ್ನು ಗಮನಿಸಬೇಕು.

ನಿಮ್ಮ ತಪಾಸಣೆಯವರು ಘಟಕಕ್ಕೆ ಬಂದಾಗ ಒಂದು ಸಣ್ಣ ಪರೀಕ್ಷೆ ಮಾಡಲಿ. 1 ಲೀಟರಿನ ಅಳತೆ ಜಾಡಿಯಲ್ಲಿ ಗಾಳಿ ಟ್ಯಾಂಕಿನ ನೀರು ತುಂಬಿಸಿಡಲಿ. ಅರ್ಧ ಗಂಟೆಯಲ್ಲಿ ಕಂದು ಕೆಸರು ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಸಾಮಾನ್ಯವಾಗಿ ಅಷ್ಟಕ್ಕೇ ಅಳತೆ ಬರೆದುಕೊಂಡು ಚೆಲ್ಲಿಬಿಡುತ್ತಾರೆ. ಚೆಲ್ಲಬೇಡಿ, ಇನ್ನೊಂದೆರಡು ಗಂಟೆ ಬಿಡಿ. ನೈಟ್ರೇಟ್ ತುಂಬಿದ್ದರೆ ಕೂತ ಕೆಸರಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ. ಕೆಸರು ಬಿರುಕು ಬಿಡುತ್ತದೆ. ಮೊದಲು ಒಂದು ತುಂಡು, ಆಮೇಲೆ ಇಡೀ ಪದರವೇ ಮೇಲಕ್ಕೆ ಏಳುತ್ತದೆ. ಕಡ್ಡಿಯಿಂದ ಅಲುಗಾಡಿಸಿದರೆ ಗುಳ್ಳೆ ಬಿಟ್ಟು ಮತ್ತೆ ಕೂರುತ್ತದೆ. ಆ ಗುಳ್ಳೆಗಳೇ ಸಾರಜನಕ ಅನಿಲ. ಎರಡನೇ ಹಂತದ ಬ್ಯಾಕ್ಟೀರಿಯಾ ಕೆಸರಿನಲ್ಲಿ ಇವೆ, ಆದರೆ ಅವಕ್ಕೆ ಸರಿಯಾದ ಟ್ಯಾಂಕ್ ಕೊಟ್ಟಿಲ್ಲ ಅಂತ ಅರ್ಥ.

ಜೈವಿಕ ವಿಧಾನಕ್ಕೆ ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ಇಡಿಟಿಎ ಥರದ ಪದಾರ್ಥಗಳು ಬ್ಯಾಕ್ಟೀರಿಯಾಗೆ ಸುಲಭವಾಗಿ ಜಗ್ಗುವುದಿಲ್ಲ. ಅವುಗಳಲ್ಲಿರುವ ಸಾರಜನಕ ಬಹುಪಾಲು ಹಾಗೇ ಹೊರಹೋಗುತ್ತದೆ. ಅಂಥದ್ದನ್ನು ತಡೆಯಬೇಕಾದ್ದು ಖರೀದಿಯ ಹಂತದಲ್ಲಿ. ಇನ್ನೊಂದು, ಗಾಳಿ ಅರೆಬರೆ ಕೊಟ್ಟು ನೈಟ್ರೈಟ್ ಶೇಖರವಾಗಲು ಬಿಟ್ಟರೆ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ಅದು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು ಬಲಶಾಲಿ. ಗಾಳಿ ಟ್ಯಾಂಕಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ನಿಲ್ಲುವಂತೆ ನೋಡಿಕೊಳ್ಳಿ, ಗಾಳಿ ಇಲ್ಲದ ಟ್ಯಾಂಕಿನಲ್ಲಿ ನಿಜವಾಗಿಯೂ ಇಲ್ಲದಂತೆ ನೋಡಿಕೊಳ್ಳಿ. ಅಮೋನಿಯಾವನ್ನು ನೈಟ್ರೈಟ್ ಜೊತೆ ಸೇರಿಸಿ ನೇರವಾಗಿ ಸಾರಜನಕ ಅನಿಲ ಮಾಡುವ ಬ್ಯಾಕ್ಟೀರಿಯಾಗಳ ದಾರಿ, ಅನಮಾಕ್ಸ್, ಅದರ ಬಗ್ಗೆ ಕೇಳುವವರಿದ್ದಾರೆ. ಅದು ಬಿಸಿಯಾದ, ಅಮೋನಿಯಾ ಗಾಢವಾಗಿರುವ, ಇಂಗಾಲ ಕಡಿಮೆ ಇರುವ ನೀರಿಗೆ ಸರಿ. ಲಾಂಡ್ರಿ ನೀರು ಹಾಗಿಲ್ಲ.

ನೀರನ್ನು ಮತ್ತೆ ಒಗೆಯಲು ಬಳಸುವ ಲಾಂಡ್ರಿಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ನೀರು ಸುತ್ತಿದಷ್ಟೂ ಸಾರಜನಕ ಅದರಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಅಮೋನಿಯಾ ಉಳಿದ ನೀರಿಗೆ ಬ್ಲೀಚ್ ಹಾಕಿದರೆ ಬ್ಲೀಚ್ ಬಟ್ಟೆಗಿಂತ ಮೊದಲು ಅಮೋನಿಯಾವನ್ನು ಹಿಡಿಯುತ್ತದೆ. 1 ಗ್ರಾಂ ಅಮೋನಿಯಾ ಸಾರಜನಕ ಏಳೂವರೆ ಗ್ರಾಂಗಿಂತ ಜಾಸ್ತಿ ಕ್ಲೋರಿನ್ ನುಂಗುತ್ತದೆ. ಬಟ್ಟೆ ಬಿಳಿಯಾಗಲಿಲ್ಲ ಅಂತ ಇನ್ನಷ್ಟು ಬ್ಲೀಚ್ ಹಾಕುತ್ತಾರೆ, ಅದು ಮತ್ತೆ ಶುದ್ಧೀಕರಣ ಟ್ಯಾಂಕಿಗೆ ಬಂದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅಮೋನಿಯಾ ಇನ್ನೂ ಏರುತ್ತದೆ. ಈ ಸುಳಿಯಿಂದ ಹೊರಬರಲು ಸಾರಜನಕ ತೆಗೆಯದೆ ಬೇರೆ ದಾರಿಯಿಲ್ಲ.

ಲಾಂಡ್ರಿ ನೀರು ನಿಯಮದಿಂದ ಬದಲಾದ ಉದಾಹರಣೆ ಹಿಂದೆಯೂ ಇದೆ. 1950ರ ದಶಕದಲ್ಲಿ ಡಿಟರ್ಜೆಂಟಿನ ನೊರೆ ನದಿಗಳ ಮೇಲೆ ಗುಡ್ಡೆಯಾಗಿ ನಿಲ್ಲುತ್ತಿತ್ತು. ಬ್ಯಾಕ್ಟೀರಿಯಾಗೆ ಕರಗದ ಪದಾರ್ಥ ಅದರಲ್ಲಿತ್ತು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿತು. ಅದೇ ದಶಕದಲ್ಲಿ ತಯಾರಕರು ಸುಲಭವಾಗಿ ಕೊಳೆಯುವ ಪದಾರ್ಥಕ್ಕೆ ಬದಲಾದರು. ಆಮೇಲೆ ಫಾಸ್ಫೇಟಿನ ಸರದಿ ಬಂತು. ನಾನು ನೋಡಿದ ಹಲವು ಕಡೆ ಸಾರಜನಕದ ಸರದಿ ಇನ್ನೂ ಬಂದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಆಸ್ಪತ್ರೆ, ವೃದ್ಧಾಶ್ರಮ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಗಳಿಗೂ, ನೀರು ಮರುಬಳಸುವ ಲಾಂಡ್ರಿಗಳಿಗೂ ಮುಂದಿನ ನವೀಕರಣದಲ್ಲಿ ಒಟ್ಟು ಸಾರಜನಕದ ಮಿತಿ ಸೇರಿಸಿ. ನೀರು ಸೇರುವ ಕೆರೆ, ನದಿಯ ಸ್ಥಿತಿ ನೋಡಿ ಅಂಕಿ ನಿಗದಿ ಮಾಡಿ. ಹೊಸದಾಗಿ ಬ್ಯಾಕ್ಟೀರಿಯಾ ಬೆಳೆಸಲು ಕೆಲವು ತಿಂಗಳ ಕಾಲಾವಕಾಶ ಕೊಡಿ, ಆ ಅವಧಿಯಲ್ಲಿ ದಂಡ ಬೇಡ. ಊರಿನ ಒಳಚರಂಡಿಗೆ ನೀರು ಬಿಡುವ ಲಾಂಡ್ರಿಗಳಿಗೆ, ಆ ಚರಂಡಿಯ ಕೊನೆಯಲ್ಲಿ ಸಾರಜನಕ ತೆಗೆಯುವ ಘಟಕ ನಿಜವಾಗಿಯೂ ಇದ್ದರೆ, ಬೇರೆ ಘಟಕ ಬೇಕಾಗಿಲ್ಲ. ಅವರು ಕ್ಲೋರಿನ್ ಮುರಿದು, ತಣ್ಣಗೆ ಮಾಡಿ, ನಿಧಾನವಾಗಿ ಬಿಟ್ಟರೆ ಸಾಕು.

ಕೊನೆಯದಾಗಿ, ಮಾದರಿ ತೆಗೆಯುವ ರೀತಿ. ಬೆಳಿಗ್ಗೆ ಬಂದು ಒಂದು ಬಾಟಲಿ ತುಂಬಿಸಿಕೊಂಡು ಹೋದರೆ ಲಾಂಡ್ರಿಯ ನಿಜ ಸ್ಥಿತಿ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಜಾಲಿಸಿದ ತಿಳಿನೀರು ಹರಿಯುತ್ತಿರಬಹುದು. 24 ಗಂಟೆಯ ನೀರನ್ನು ಹರಿವಿನ ಪ್ರಮಾಣಕ್ಕೆ ತಕ್ಕಂತೆ ಸೇರಿಸಿದ ಮಾದರಿ ತೆಗೆಸಿ. ಆಸ್ಪತ್ರೆ ಬಟ್ಟೆಯ ಪಾಳಿ ಅದರಲ್ಲಿ ಇರಲೇಬೇಕು ಅಂತ ಬರೆಯಿರಿ. ಮಾದರಿಯನ್ನು ತಣ್ಣಗಿಟ್ಟು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಿ. ಬೆಚ್ಚಗೆ ಬಿಟ್ಟರೆ ಬಾಟಲಿಯೊಳಗೇ ಯೂರಿಯಾ ಅಮೋನಿಯಾ ಆಗುತ್ತದೆ, ನೈಟ್ರೇಟ್ ಅನಿಲವಾಗಿ ಹೋಗುತ್ತದೆ, ಬರುವ ಅಂಕಿ ಯಾರ ಉಪಯೋಗಕ್ಕೂ ಬರುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ನೀರು ಶುದ್ಧೀಕರಣದ ಕೆಲಸದಲ್ಲಿರುವ ಒಬ್ಬರು